ಪ್ರಶ್ನೆ ಕೇಳುವ ಹಕ್ಕು: ಘಟಪ್ರಭೆಯ ಸೀಮೆಯಲ್ಲಿ ಹಾಸ್ಯಗಾರನ ಕಸುಬು

ಸಹ್ಯಾದ್ರಿಯಿಂದ ಇಳಿದು ಬರುವ ಘಟಪ್ರಭೆಯು ಹುಕ್ಕೇರಿ ತಾಲ್ಲೂಕಿನಲ್ಲಿ ಹಿರಣ್ಯಕೇಶಿಯನ್ನು ಕೂಡಿಸಿಕೊಂಡು, ಗೋಕಾಕದ ಬಳಿ 52 ಮೀಟರ್ ಎತ್ತರದ ಬಂಡೆಯಿಂದ ಧುಮುಕಿ, ಮುಂದೆ ಮೂಡಲಗಿಯ ಬಯಲಿನತ್ತ ಸಾಗುತ್ತದೆ. ಬೆಳಗಾವಿ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಪೈಕಿ ಮೂಡಲಗಿಯು ಕೆಲವೇ ವರ್ಷಗಳ ಹಿಂದಿನವರೆಗೆ ಗೋಕಾಕ ತಾಲ್ಲೂಕಿನ ಒಂದು ಭಾಗವಾಗಿತ್ತು. ಆದುದರಿಂದ ಇಲ್ಲಿಯ ಆಟಪಾಟಗಳ ಹಳೆಯ ದಾಖಲೆಗಳಲ್ಲಿ ‘ಗೋಕಾಕ ತಾಲ್ಲೂಕು’ ಎಂದು ಬರುವ ಎಷ್ಟೋ ಹಳ್ಳಿಗಳು ಇಂದು ಮೂಡಲಗಿಯ ಲೆಕ್ಕಕ್ಕೆ ಸೇರುತ್ತವೆ. ಜನರನ್ನು ನಗಿಸುವುದನ್ನೇ ಕಸುಬು ಮಾಡಿಕೊಂಡವರ ಇತಿಹಾಸವನ್ನು ಬರೆಯಹೊರಟರೆ ಉತ್ತರ ಕರ್ನಾಟಕದಲ್ಲಿ ಇದಕ್ಕಿಂತ ಫಲವತ್ತಾದ ನೆಲ ಸಿಗುವುದು ಕಷ್ಟ. ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟವು ರಂಗದ ಮೇಲೆ ಮೈತಳೆದದ್ದು ಇಲ್ಲಿಯ ಕುಲಗೋಡದಲ್ಲಿ. ಆ ಆಟಗಳನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿ, ಅವುಗಳ ಕಟ್ಟನ್ನೇ ಬಳಸಿಕೊಂಡು ಹೊಸ ನಾಟಕಗಳನ್ನು ಬರೆದ ಚಂದ್ರಶೇಖರ ಕಂಬಾರರು ಹುಟ್ಟಿದ್ದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ. ಈಗ ಒಬ್ಬನೇ ಮೈಕಿನ ಮುಂದೆ ನಿಂತು ಎರಡು ತಾಸು ಜನರನ್ನು ನಗಿಸುವ ಹಾಸ್ಯಭಾಷಣಕಾರನ ವೃತ್ತಿಯನ್ನು ನಗರದ ಹೊಸ ಸರಕೆಂದು ಬಗೆಯುವವರಿದ್ದಾರೆ. ಈ ಸೀಮೆಯಲ್ಲಿ ಅದರ ಹಿಂದಿನ ತಲೆಮಾರುಗಳನ್ನು ಬಯಲಾಟದ ಕಟ್ಟೆಯವರೆಗೂ ಎಣಿಸಬಹುದು. ಎಣಿಸುತ್ತ ಹೋದಾಗ ಸ್ಪಷ್ಟವಾಗುವ ಸಂಗತಿ ಇದು: ಇಲ್ಲಿಯ ಹಾಸ್ಯಗಾರನಿಗೆ ಅಧಿಕಾರ ಬಂದದ್ದು ಪ್ರಶ್ನೆ ಕೇಳುವ ಹಕ್ಕಿನಿಂದ, ಮತ್ತು ಅವನ ಕಸುಬಿನ ಇತಿಹಾಸವೆಂದರೆ ಅವನಿಗೆ ಉತ್ತರ ಕೊಡುವವರು ಕಾಲಕಾಲಕ್ಕೆ ಬದಲಾಗುತ್ತ ಬಂದ ಇತಿಹಾಸ.

ಮೊದಲು ಬಯಲಾಟದ ಬಗೆಗಳನ್ನು ಹೇಳಬೇಕು. ಊರ ಹೊರಗಿನ ಅಥವಾ ಗುಡಿಯ ಮುಂದಿನ ಬಯಲಿನಲ್ಲಿ ಮರದ ಅಟ್ಟ ಕಟ್ಟಿ, ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಆರಂಭಿಸಿ ಬೆಳಗು ಹರಿಯುವತನಕ ಆಡುವ ಆಟಗಳಿಗೆಲ್ಲ ಬಯಲಾಟವೆಂದು ಹೆಸರು. ಇವುಗಳಲ್ಲಿ ಕಿರೀಟ, ಭುಜಕೀರ್ತಿಗಳ ಭಾರವಾದ ವೇಷ, ವೀರರಸದ ಕುಣಿತ ಮತ್ತು ಗ್ರಾಂಥಿಕ ಮಾತುಗಳುಳ್ಳ ಪುರಾಣದ ಆಟ ದೊಡ್ಡಾಟವೆನಿಸಿಕೊಂಡರೆ, ರುಮಾಲು-ಧೋತರಗಳ ದಿನಬಳಕೆಯ ಉಡುಪಿನಲ್ಲಿ ಸಾಮಾನ್ಯರ ಕಥೆಯನ್ನು ಆಡುಮಾತಿನಲ್ಲಿ ಆಡುವುದು ಸಣ್ಣಾಟ. ಬೈಲಹೊಂಗಲದ ಕಡೆ ನಡೆದ ಕೊಲೆಯೊಂದರ ಸುತ್ತ ಕಟ್ಟಿದ ‘ಸಂಗ್ಯಾ-ಬಾಳ್ಯಾ’ ಸಣ್ಣಾಟಗಳಲ್ಲೆಲ್ಲ ಪ್ರಸಿದ್ಧವಾದದ್ದು. ಶ್ರೀಕೃಷ್ಣ ಪಾರಿಜಾತವು ಇವೆರಡರ ನಡುವೆ ನಿಲ್ಲುತ್ತದೆ. ಕಥೆ ಪುರಾಣದ್ದು, ಧಾಟಿ ಮನೆಮಾತಿನದು. ರಾಧಾನಾಟ, ದಾಸರಾಟ ಮೊದಲಾದವು ಇವುಗಳ ನೆರೆಹೊರೆಯ ರೂಪಗಳು.

ದೊಡ್ಡಾಟದಲ್ಲಿ ನಗಿಸುವ ಕೆಲಸ ಸಾರಥಿಯದು. ಹೆಸರು ರಥ ಹೊಡೆಯುವವನೆಂದಾದರೂ ಅವನು ಹೊಡೆಯುವುದು ಆಟವನ್ನು. ಹೊಸ ಪಾತ್ರವೊಂದು ರಂಗಕ್ಕೆ ಬಂದು ಕುಣಿತ ಮುಗಿಸಿ ನಿಂತೊಡನೆ ಸಾರಥಿ ಎದುರು ಬಂದು, ತಾವು ಯಾರು, ಯಾವ ಪಟ್ಟಣದವರು, ತಂದೆತಾಯಿ ಯಾರು, ಇಲ್ಲಿಗೆ ಬಂದ ಕಾರಣವೇನು ಎಂದು ಒಂದೊಂದಾಗಿ ಕೇಳುತ್ತಾನೆ. ಆಗ ರಾವಣನಾಗಲಿ ಕೌರವನಾಗಲಿ ‘ಎಲೈ ಸಾರಥಿ’ ಎಂದು ಸಂಬೋಧಿಸಿ ತನ್ನ ಪೌರುಷವನ್ನೆಲ್ಲ ಉದ್ದುದ್ದವಾಗಿ ಹೇಳಿಕೊಳ್ಳಬೇಕಾಗುತ್ತದೆ. ಕಥೆಯ ದೃಷ್ಟಿಯಿಂದ ಇದು ಪಾತ್ರಪರಿಚಯದ ಒಂದು ಉಪಾಯ ಮಾತ್ರ. ಆದರೆ ಕೇಳುವವನು ಕೂಲಿಮಾತಿನ ಆಳು, ಉತ್ತರಿಸುವವನು ಮೂರು ಲೋಕದ ಗಂಡ. ಊರಿಗೆ ಬಂದ ಅಪರಿಚಿತನನ್ನು ಅಗಸಿಯ ಬಾಗಿಲಲ್ಲಿ ತಡೆದು ವಿಚಾರಿಸಿದಂತೆ ಚಕ್ರವರ್ತಿಯನ್ನು ವಿಚಾರಿಸುವ ಈ ಅವಕಾಶದಿಂದಲೇ ನಗೆಯೂ ಹುಟ್ಟುತ್ತದೆ. ಪಾತ್ರಧಾರಿಯ ಮಾತು ಕಂಠಪಾಠದ್ದು, ಸಂಸ್ಕೃತ ಶಬ್ದಗಳಿಂದ ತುಂಬಿದ್ದು; ಸಾರಥಿಯ ಮಾತು ಅಂದಂದಿನದು. ಆಟವನ್ನು ಕಲಿಸುವ ಮಾಸ್ತರನು ಪಾತ್ರಧಾರಿಗಳ ಮಾತನ್ನು ತಿದ್ದಬಲ್ಲ, ಸಾರಥಿಯ ಮಾತನ್ನು ತಿದ್ದುವುದು ಅವನಿಂದಾಗದು. ಅದು ರಂಗದ ಮೇಲೆಯೇ ಹುಟ್ಟಿ ಅಲ್ಲಿಯೇ ಮುಗಿಯುವಂಥದು.

ಸಾರಥಿಗೆ ಇನ್ನೊಂದು ಹೊಣೆಯೂ ಇತ್ತು. ಆಟ ಹಚ್ಚುವ ಖರ್ಚನ್ನು ಊರವರು ಪಟ್ಟಿ ಹಾಕಿ ಕೂಡಿಸುತ್ತಿದ್ದರು. ಅದರ ಮೇಲೆ ಮೆಚ್ಚಿದವರು ನಡುನಡುವೆ ಕಲಾವಿದರಿಗೆ ಹಣವನ್ನೋ ಅರಿವೆಯನ್ನೋ ಕೊಡುವ ವಾಡಿಕೆಯಿತ್ತು, ಇದಕ್ಕೆ ಆಯೇರ ಎನ್ನುತ್ತಾರೆ. ಕೊಟ್ಟವರ ಹೆಸರನ್ನು ರಂಗದಿಂದ ಸಾರಬೇಕಾದಾಗ ಬಾಯಿ ಜೋರಿದ್ದವನ ಮೇಲೆಯೇ ಆ ಕೆಲಸ ಬೀಳುವುದು ಸಹಜ. ದೊಡ್ಡ ಮನೆತನದವರನ್ನು ಹೊಗಳುತ್ತಲೇ ಚುಚ್ಚುವುದು, ಜಿಪುಣನ ಎಂಟಾಣೆಯನ್ನು ಎಂಟು ಸಾವಿರದಂತೆ ಕೂಗುವುದು, ಇವೆಲ್ಲ ಇಂದಿನ ಹಾಸ್ಯಗಾರನು ಮುಂದಿನ ಸಾಲಿನ ಪ್ರೇಕ್ಷಕನನ್ನು ಮಾತಿಗೆಳೆಯುವ ಚಾಳಿಗೆ ಬಹಳ ಹಿಂದಿನ ನಂಟರು.

ಪಾರಿಜಾತಕ್ಕೆ ಬಂದರೆ ಈ ಕಸುಬು ಇನ್ನೊಂದು ಮಜಲಿಗೆ ಏರಿದ್ದು ಕಾಣುತ್ತದೆ. ಅಪರಾಳ ತಮ್ಮಣ್ಣನೆಂಬ ಕವಿ ರಚಿಸಿದ ಹಾಡುಗಬ್ಬವನ್ನು ಕುಲಗೋಡದ ತಮ್ಮಣ್ಣ ಆಟದ ರೂಪಕ್ಕೆ ತಂದನೆಂಬುದು ಪರಂಪರೆಯ ನಂಬಿಕೆ. ಇಬ್ಬರ ಹೆಸರೂ ಒಂದೇ ಆದುದರಿಂದ ಹಳ್ಳಿಗಳ ಮಾತುಕತೆಯಲ್ಲಿ ಇಬ್ಬರೂ ಒಬ್ಬರೇ ಆಗಿಬಿಡುವುದುಂಟು, ಆದರೆ ಕವಿಯ ಕೆಲಸ ಬೇರೆ, ಮೇಳ ಕಟ್ಟಿದವನ ಕೆಲಸ ಬೇರೆ. ಹಾಡಿನ ಪುಸ್ತಕವೊಂದನ್ನು ಆಟವಾಗಿ ಮಾಡುವುದೆಂದರೆ ಹಾಡು-ಹಾಡುಗಳ ನಡುವೆ ಮಾತನ್ನು ತುಂಬುವುದು, ಮತ್ತು ಆ ಮಾತನ್ನು ಯಾರ ಬಾಯಲ್ಲಿ ಇಡಬೇಕೆಂದು ನಿರ್ಧರಿಸುವುದು. ಕುಲಗೋಡ ತಮ್ಮಣ್ಣನ ನಿಜವಾದ ಸಾಧನೆಯನ್ನು ಇಲ್ಲಿಯೇ ಹುಡುಕಬೇಕು. ಹಾರ್ಮೋನಿಯಂ, ತಬಲಾ, ತಾಳಗಳ ಹಿಮ್ಮೇಳ, ಕೈಬೆರಳೆಣಿಕೆಯ ಪಾತ್ರಗಳು, ಹಗುರಾದ ವೇಷಭೂಷಣ, ಇವುಗಳಿಂದ ಮೇಳವು ಊರಿಂದೂರಿಗೆ ಸಾಗುವಷ್ಟು ಚಿಕ್ಕದಾಯಿತು. ಹೆಣ್ಣುಪಾತ್ರಗಳನ್ನು ಹೆಣ್ಣುಮಕ್ಕಳೇ ಆಡುವ ಪದ್ಧತಿಯೂ ಪಾರಿಜಾತದಲ್ಲಿ ಬೆಳೆಯಿತು. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮನ ಹೆಸರು ಇಂದಿಗೂ ಪಾರಿಜಾತದ ಹೆಸರಿನೊಂದಿಗೇ ನೆನಪಾಗುತ್ತದೆ. ಹೆಣ್ಣು ರಂಗವೇರುವುದನ್ನು ಗೌರವಸ್ಥರು ಒಪ್ಪದಿದ್ದ ಕಾಲದಲ್ಲಿ ಈ ಕಲಾವಿದೆಯರು ಪಡೆದ ಕೀರ್ತಿಯ ಜೊತೆಗೆ ಪಟ್ಟ ಅವಹೇಳನದ ಲೆಕ್ಕವೂ ಇತಿಹಾಸಕ್ಕೆ ಸೇರಬೇಕಾದದ್ದು.

ಆಟದ ಕಥೆ ಚಿಕ್ಕದು. ನಾರದನು ದೇವಲೋಕದ ಪಾರಿಜಾತ ಪುಷ್ಪವೊಂದನ್ನು ತಂದು ಕೃಷ್ಣನ ಕೈಗೆ ಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಮುಡಿಸುತ್ತಾನೆ. ಸುದ್ದಿ ತಿಳಿದ ಸತ್ಯಭಾಮೆ ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳನ್ನು ಒಲಿಸುವ ಯತ್ನದಲ್ಲಿ ದೂತಿ ನಡುವೆ ಓಡಾಡುತ್ತಾಳೆ. ಕೃಷ್ಣನು ಕೊರವಂಜಿಯ, ಎಂದರೆ ಕಣಿ ಹೇಳುವ ಹೆಣ್ಣಿನ, ವೇಷ ತೊಟ್ಟು ಬರುತ್ತಾನೆ. ಕೊನೆಗೆ ಸ್ವರ್ಗದಿಂದ ಮರವನ್ನೇ ತರಿಸುವ ಮಾತಾಗುತ್ತದೆ. ವಿಷ್ಣುಪುರಾಣ, ಹರಿವಂಶಗಳಿಗೆ ಸೇರಿದ ಈ ವಸ್ತುವನ್ನು ಕೃಷ್ಣದೇವರಾಯನ ಆಸ್ಥಾನದಲ್ಲಿ ನಂದಿ ತಿಮ್ಮನನು ತೆಲುಗಿನಲ್ಲಿ ‘ಪಾರಿಜಾತಾಪಹರಣಮು’ ಎಂಬ ಪ್ರೌಢ ಪ್ರಬಂಧವಾಗಿಸಿದ್ದ. ಅಂಥ ವಸ್ತು ಘಟಪ್ರಭೆಯ ದಂಡೆಗೆ ಬಂದಾಗ ಇಬ್ಬರು ಹೆಂಡಿರ ಮನೆಯ ಜಗಳವಾಗಿ ಮಾರ್ಪಟ್ಟಿತು, ಮತ್ತು ಆ ಜಗಳವನ್ನು ನಡೆಸಿಕೊಡುವ ಭಾರ ಭಾಗವತನ ಮೇಲೆ ಬಿದ್ದಿತು.

ಕರಾವಳಿಯ ಯಕ್ಷಗಾನವನ್ನು ಬಲ್ಲವರು ಭಾಗವತನೆಂದರೆ ಜಾಗಟೆ ಹಿಡಿದು ಹಾಡುವ ಗಂಭೀರ ವ್ಯಕ್ತಿಯನ್ನು ನೆನೆಯುತ್ತಾರೆ. ಪಾರಿಜಾತದ ಭಾಗವತ ಹಾಡುವುದಕ್ಕಿಂತ ಕೆಣಕುವುದು ಹೆಚ್ಚು. ಸೂತ್ರಧಾರನೂ ವಿದೂಷಕನೂ ಒಬ್ಬನೇ ಆಗಿರುವ ಈತ ಆಟದ ಆರಂಭದಲ್ಲಿ ಬರುವ ಗೊಲ್ಲತಿಯ ಪ್ರಸಂಗದಿಂದಲೇ ತನ್ನ ಕೆಲಸಕ್ಕೆ ತೊಡಗುತ್ತಾನೆ. ಹಾಲು-ಮೊಸರು ಮಾರುವ ಗೊಲ್ಲತಿ ಹಾಡಿಕೊಂಡು ಬರುತ್ತಲೇ ‘ಯಾರವ್ವಾ ನೀನು, ಎಲ್ಲಿಂದ ಬಂದಿ’ ಎಂಬ ಧಾಟಿಯಲ್ಲಿ ಅವಳನ್ನು ತಡೆದು, ಹೆಸರು, ಊರು, ಗಂಡನ ಹೆಸರು, ಹಾಲಿನ ಧಾರಣಿ, ಅದರಲ್ಲಿ ಬೆರೆಸಿದ ನೀರಿನ ಮೂಲ, ಹೀಗೆ ಒಂದರಿಂದೊಂದಕ್ಕೆ ಪ್ರಶ್ನೆಯನ್ನು ಎಳೆಯುತ್ತಾನೆ. ಗೊಲ್ಲತಿಯೂ ಸೋಲುವವಳಲ್ಲ, ಅವಳ ಮಾರುತ್ತರಗಳಿಗೆ ಬೀಳುವ ನಗೆ ಭಾಗವತನ ಪ್ರಶ್ನೆಗೆ ಬಿದ್ದುದಕ್ಕಿಂತ ದೊಡ್ಡದಾಗಿರುತ್ತದೆ, ಹಾಗೆ ಆಗುವಂತೆ ಪ್ರಶ್ನೆಯನ್ನು ಎಸೆಯುವುದೇ ಒಳ್ಳೆಯ ಭಾಗವತನ ಲಕ್ಷಣ. ಮುಂದೆ ಪ್ರತಿಯೊಂದು ಪಾತ್ರವೂ ಹಾಡು ಮುಗಿಸಿದ ಮೇಲೆ ಅದರ ಅರ್ಥವನ್ನು ಮಾತಿನಲ್ಲಿ ಬಿಡಿಸಿ ಹೇಳುವಂತೆ ಮಾಡುವವನು ಈತನೇ. ಸತ್ಯಭಾಮೆ ವಿರಹವನ್ನು ಹಾಡಿದರೆ ‘ಅಂದರ ಏನಾತವಾ’ ಎಂದು ಕೇಳುವವನೊಬ್ಬ ರಂಗದ ಮೇಲೆ ಇರುವುದರಿಂದ, ಹಾಡು ತಿಳಿಯದ ಪ್ರೇಕ್ಷಕನು ತನ್ನ ಅಜ್ಞಾನಕ್ಕೆ ನಾಚಬೇಕಾಗುವುದಿಲ್ಲ.

ಎಷ್ಟೋ ಮೇಳಗಳಲ್ಲಿ ದೂತಿಯ ಪಾತ್ರವನ್ನೂ ಭಾಗವತನೇ ಮಾಡುತ್ತಾನೆ. ಅದಕ್ಕಾಗಿ ಅವನು ಒಳಗೆ ಹೋಗಿ ಬಣ್ಣ ಹಚ್ಚಿ ಬರಬೇಕಾಗಿಲ್ಲ, ಹೆಗಲ ಮೇಲಿನ ವಸ್ತ್ರವನ್ನು ತಲೆಯ ಮೇಲೆ ಸೆರಗಿನಂತೆ ಹೊದೆದುಕೊಂಡರೆ ಸಾಕು. ವಸ್ತ್ರ ಕೆಳಗಿಳಿದರೆ ಭಾಗವತ, ಮೇಲೇರಿದರೆ ಸತ್ಯಭಾಮೆಯ ಸಖಿ. ಮೀಸೆ ಹಾಗೆಯೇ ಇರುತ್ತದೆ. ಪ್ರೇಕ್ಷಕರು ಇದನ್ನು ಒಪ್ಪಿಕೊಳ್ಳುವ ಬಗೆಯಲ್ಲಿ ಜನಪದ ರಂಗಭೂಮಿಯ ಒಂದು ದೊಡ್ಡ ಒಡಂಬಡಿಕೆಯೇ ಇದೆ. ದೂತಿಯಾದವನು ಸತ್ಯಭಾಮೆಯ ಮುಂದೆ ಕೃಷ್ಣನನ್ನು ಬಯ್ಯುತ್ತಾನೆ, ಕೃಷ್ಣನ ಮುಂದೆ ಸತ್ಯಭಾಮೆಯ ಸಿಟ್ಟನ್ನು ಮಸಾಲೆ ಹಚ್ಚಿ ಹೇಳುತ್ತಾನೆ, ನಡುವೆ ಪ್ರೇಕ್ಷಕರತ್ತ ತಿರುಗಿ ಇಬ್ಬರನ್ನೂ ಆಡಿಕೊಳ್ಳುತ್ತಾನೆ. ದೇವರ ಸಂಸಾರದ ಗುಟ್ಟನ್ನು ಊರಿಗೆ ಬಿಚ್ಚಿಡುವ ಈ ಮನೆಯಾಳಿಗೆ ಯಾವ ಪಕ್ಷವೂ ಇಲ್ಲ. ಪಾರಿಜಾತದ ಜನಪ್ರಿಯತೆಗೆ ಸಂಗೀತವನ್ನು ಕಾರಣವಾಗಿ ಹೇಳುವ ರೂಢಿಯಿದೆ. ಹಾಡಿನಷ್ಟೇ ಪಾಲು ದೂತಿಯ ಬಾಯಿಗೂ ಸಲ್ಲಬೇಕು.

ಈ ಪ್ರಶ್ನೋತ್ತರದ ಹಾಸ್ಯವು ಬಹಳ ಸಲ ಕಾಲವ್ಯತ್ಯಯದ ಮೇಲೆ ನಿಂತಿರುತ್ತದೆ. ಕಾಲವ್ಯತ್ಯಯವೆಂದರೆ ಒಂದು ಯುಗದ ಕಥೆಯೊಳಗೆ ಇನ್ನೊಂದು ಯುಗದ ವಸ್ತುವನ್ನು ತರುವುದು. ದೇವಲೋಕದಿಂದ ಬಂದ ನಾರದನನ್ನು ಯಾವ ಗಾಡಿ ಹಿಡಿದು ಬಂದಿರಿ, ಚೀಟಿ ತೆಗೆಸಿದ್ದಿರೋ ಇಲ್ಲವೋ ಎಂದು ವಿಚಾರಿಸುವುದು, ದ್ವಾರಕೆಯ ಅರಮನೆಗೆ ಪಡಿತರದ ಸಕ್ಕರೆ ಎಷ್ಟು ಬರುತ್ತದೆಂದು ಕೇಳುವುದು, ಇಂಥ ಮಾತುಗಳಿಗೆ ಕೊನೆಯಿಲ್ಲ. ಪಂಡಿತರು ಇದನ್ನು ಔಚಿತ್ಯಭಂಗವೆಂದು ತಳ್ಳಿಹಾಕಿದ್ದುಂಟು. ಒಳಹೊಕ್ಕು ನೋಡಿದರೆ ಅದರಲ್ಲಿ ಒಂದು ತರ್ಕ ಕಾಣುತ್ತದೆ. ಕ್ಷೀರಸಾಗರವನ್ನು ಕಡೆದಾಗ ಹುಟ್ಟಿ ಇಂದ್ರನ ನಂದನವನದಲ್ಲಿ ನೆಟ್ಟ ಮರ, ಬಾಡದ ಹೂವು, ಲೋಕದಿಂದ ಲೋಕಕ್ಕೆ ಕ್ಷಣದಲ್ಲಿ ಸಾಗುವ ಋಷಿ, ಗರುಡನ ಬೆನ್ನೇರಿ ಸ್ವರ್ಗಕ್ಕೆ ಹೋಗುವ ದಂಪತಿಗಳು, ಇವೆಲ್ಲವೂ ಈ ಲೋಕದ ಅನುಭವಕ್ಕೆ ಎಟುಕದ ಸಂಗತಿಗಳು. ಅವನ್ನು ಪ್ರಶ್ನಿಸದೆ ಬಿಟ್ಟರೆ ಕೈಮುಗಿಯುವ ವಸ್ತುಗಳಾಗಿ ದೂರ ಉಳಿಯುತ್ತವೆ. ಹೇಗೆ ಬಂದಿರಿ, ಎಷ್ಟು ಹೊತ್ತು ಹಿಡಿಯಿತು, ದಾರಿಯಲ್ಲಿ ಏನು ತಿಂದಿರಿ ಎಂದು ಕೇಳಿದರೆ ಅವು ಇನ್ನೊಂದು ಊರಿನಷ್ಟು ಸಮೀಪಕ್ಕೆ ಬರುತ್ತವೆ. ಇಂದಿನ ವೈಜ್ಞಾನಿಕ ಕಥೆಗಳನ್ನು ಓದುವವರಿಗೆ ಈ ಕ್ರಮ ಅಪರಿಚಿತವಲ್ಲ. ಇಲ್ಲದ ಲೋಕವೊಂದನ್ನು ಕಲ್ಪಿಸಿ, ಅಲ್ಲಿಯ ಗಾಳಿ, ನೀರು, ಪ್ರಯಾಣ, ದಿನಚರಿಗಳ ಬಗ್ಗೆ ಲೆಕ್ಕದ ಪ್ರಶ್ನೆಗಳನ್ನು ಕೇಳಿ ಉತ್ತರ ಹೊಂದಿಸುವುದು ಆ ಸಾಹಿತ್ಯದ ಮುಖ್ಯ ಸುಖ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ಗ್ರಹಾಂತರದ ಕಥೆಗಳನ್ನು ಬರೆಯುವುದಕ್ಕೆ ಬಹಳ ಮೊದಲೇ ಲೋಕಾಂತರದ ಪ್ರಯಾಣಿಕನಿಗೆ ಲೆಕ್ಕ ಕೇಳುವವನೊಬ್ಬ ಕುಲಗೋಡದ ರಂಗದ ಮೇಲಿದ್ದ ಎಂದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದಂತಾಗದು. ವಿಜ್ಞಾನಕಥೆಗಾರ ಉತ್ತರವನ್ನು ನಂಬಿಸಲು ಹೆಣಗುತ್ತಾನೆ, ಭಾಗವತನಿಗೆ ಉತ್ತರ ಸುಳ್ಳಾದಷ್ಟೂ ಲಾಭ. ಅದ್ಭುತದ ಮುಂದೆ ಬಾಯಿ ಬಿಟ್ಟು ನಿಲ್ಲದೆ ಅದರ ಬಾಯಿ ಬಿಡಿಸುವ ಛಾತಿ ಮಾತ್ರ ಎರಡರಲ್ಲಿಯೂ ಇದೆ.

ಈ ಸೀಮೆ ಮರಾಠಿಯ ಗಡಿಗೆ ಹೊಂದಿದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಆಚೆಯ ಗಡಹಿಂಗ್ಲಜಕ್ಕೆ ಹೋಗುವುದು ಈಗಲೂ ಸಂತೆಗೆ ಹೋದಷ್ಟು ಸಲೀಸು, ಮತ್ತು 1956ರ ಏಕೀಕರಣದವರೆಗೆ ಈ ಪ್ರದೇಶವೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆದುದರಿಂದ ನಗೆಯ ಕಸುಬು ಎರಡೂ ಭಾಷೆಗಳ ನಡುವೆ ಓಡಾಡಿದ್ದು ಸಹಜ. ಮರಾಠಿ ತಮಾಷೆಯಲ್ಲಿ ಕುಣಿಯುವ ಹೆಣ್ಣಿನ ಎದುರು ನಿಂತು ಮಾತಿನ ಮಲ್ಲಯುದ್ಧ ಮಾಡುವ ಸೋಂಗಾಡ್ಯಾನಿಗೂ, ಎಂದರೆ ಸೋಗು ಹಾಕುವವನಿಗೂ, ದಾಸರಾಟ-ರಾಧಾನಾಟಗಳ ಹಾಸ್ಯಗಾರನಿಗೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಅಂಬಾಭವಾನಿಯ ಹೆಸರಿನಲ್ಲಿ ರಾತ್ರಿಯಿಡೀ ಕಥೆ ಹೇಳುವ ಗೊಂದಲಿಗರ ಮೇಳದಲ್ಲಿಯೂ ಮುಖ್ಯ ಕಥೆಗಾರನ ಪಕ್ಕದಲ್ಲಿ ಅಡ್ಡಪ್ರಶ್ನೆ ಹಾಕುವ ಜೊತೆಗಾರನಿರುತ್ತಾನೆ. ಯಾರು ಯಾರಿಂದ ಪಡೆದರೆಂಬ ವಾದವನ್ನು ಎರಡೂ ಕಡೆಯ ಅಭಿಮಾನಿಗಳು ಬೇಕಾದಷ್ಟು ಬೆಳೆಸಿದ್ದಾರೆ. ಉತ್ತರ ಕನ್ನಡದ ಕರ್ಕಿಯ ಭಾಗವತರ ಆಟ ಸಾಂಗಲಿಯಲ್ಲಿ ಪ್ರದರ್ಶನಗೊಂಡ ಮೇಲೆ ಅದರ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದನೆಂಬುದೂ, ಮುಂದೆ ಅದೇ ಮರಾಠಿ ನಾಟಕ ಮಂಡಳಿಗಳು ಕನ್ನಡ ಜಿಲ್ಲೆಗಳಲ್ಲಿ ಜನಪ್ರಿಯವಾದುದನ್ನು ಕಂಡು ಶಾಂತಕವಿಗಳು 1870ರ ದಶಕದಲ್ಲಿ ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರೆಂಬುದೂ ದಾಖಲಾದ ಸಂಗತಿಗಳು. ಕೊಟ್ಟದ್ದೂ ಉಂಟು, ಬಡ್ಡಿಸಮೇತ ಮರಳಿ ಪಡೆದದ್ದೂ ಉಂಟು.

ಲಾವಣಿಯ ಮೇಳಗಳನ್ನು ಇಲ್ಲಿ ಒಂದು ಮಾತಿನಲ್ಲಾದರೂ ನೆನೆಯಬೇಕು. ಗಂಡು ಹೆಚ್ಚೆನ್ನುವ ಹರದೇಶಿ ಮತ್ತು ಹೆಣ್ಣು ಹೆಚ್ಚೆನ್ನುವ ನಾಗೇಶಿ ಪಂಗಡಗಳು ಡಪ್ಪು, ತುಂತುಣಿಗಳೊಂದಿಗೆ ಎದುರುಬದುರು ನಿಂತು ಸವಾಲು-ಜವಾಬು ಹಾಡುವಾಗ ಪುರಾಣ, ವೇದಾಂತ, ಸೃಷ್ಟಿಯ ಮೊದಲು ಏನಿತ್ತೆಂಬ ಒಗಟು, ಎಲ್ಲವೂ ಎದುರಾಳಿಯನ್ನು ಕಟ್ಟಿಹಾಕುವ ಹಗ್ಗಗಳಾಗುತ್ತವೆ. ಇಲ್ಲಿಯೂ ಗೆಲುವು ಪ್ರಶ್ನೆಯ ಚೂಪಿನಲ್ಲಿಯೇ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಸೀಮೆಯ ನೆಲದ ಮೇಲೆಯೇ ಬದಲಾವಣೆಗಳು ಬಂದವು. ಗೋಕಾಕ ಜಲಪಾತದ ನೀರಿನ ಬಲವನ್ನು ಬಳಸಿಕೊಂಡು ನೂಲಿನ ಗಿರಣಿ ನಡೆಸಲು 1885ರಲ್ಲಿ ಕಂಪನಿಯೊಂದು ಸ್ಥಾಪನೆಯಾಗಿ, 1887ರಲ್ಲಿ ಗಿರಣಿ ಕೆಲಸ ಆರಂಭಿಸಿತು. ಕಣಿವೆಯಲ್ಲಿ ತಿರುಗುವ ಜಲಚಕ್ರದ ಬಲವನ್ನು ಮೊದಲು ಹಗ್ಗಗಳ ಮೂಲಕ ಮೇಲಿನ ಯಂತ್ರಗಳಿಗೆ ಸಾಗಿಸುತ್ತಿದ್ದರು. ಜಲಪಾತದ ಪಕ್ಕದಲ್ಲಿ ನಗದು ಸಂಬಳ ಪಡೆಯುವ ಕಾರ್ಮಿಕರ ವಸತಿಯೊಂದು ಬೆಳೆಯಿತು. ಸುಗ್ಗಿಯ ರಾಶಿ ಮನೆಗೆ ಬಂದ ಮೇಲೆ ಮಾತ್ರ ಆಟ ಹಚ್ಚುವ ರೈತರ ಊರಿಗೂ ತಿಂಗಳು ತಿಂಗಳು ಕೈಯಲ್ಲಿ ಕಾಸಿರುವ ಗಿರಣಿಯ ಊರಿಗೂ ಮನರಂಜನೆಯ ಲೆಕ್ಕಾಚಾರ ಒಂದೇ ಆಗಿರುವುದಿಲ್ಲ. ಟಿಕೀಟು ಕೊಂಡು ನೋಡುವ ನಾಟಕ ಕಂಪನಿಗಳಿಗೆ ಎರಡನೆಯ ಬಗೆಯ ಊರು ಬೇಕಾಗಿತ್ತು.

ಬೆಳಕಿನ ಕಥೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಎಣ್ಣೆ ಹನಿಸುವ ಹಿಲಾಲುಗಳ ಬೆಳಕಿನಲ್ಲಿ ಮುಖದ ಸೂಕ್ಷ್ಮ ಚಲನೆ ಕಾಣುತ್ತಿರಲಿಲ್ಲ, ಆದುದರಿಂದ ಹಾಸ್ಯಗಾರ ಇಡೀ ಮೈಯಿಂದ ನಗಿಸಬೇಕಿತ್ತು. 20ನೆಯ ಶತಮಾನದಲ್ಲಿ ಗ್ಯಾಸಬತ್ತಿ ಬಂದಿತು. ಮುಂದೆ ವಿದ್ಯುತ್ತು ಬಂದಿತು. ದೇಶದ ಮೊದಲ ತಂಡದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು 1969ರಲ್ಲಿ ಹುಕ್ಕೇರಿಯಲ್ಲಿಯೇ ಆರಂಭವಾದುದರಿಂದ ಈ ತಾಲ್ಲೂಕಿನ ಹಳ್ಳಿಗಳಿಗೆ ದೀಪ ಹತ್ತಿದ ಬಗೆಗೆ ತನ್ನದೇ ಆದ ಚರಿತ್ರೆಯಿದೆ. ದೀಪದ ಬೆನ್ನಿಗೆ ಧ್ವನಿವರ್ಧಕ ಬಂದಿತು. ಹಾಸ್ಯಗಾರನ ಕಸುಬಿನ ದೃಷ್ಟಿಯಿಂದ ದೀಪಕ್ಕಿಂತ ಮೈಕೇ ದೊಡ್ಡ ಬದಲಾವಣೆ. ಸಾರಥಿಯಾಗಲಿ ಭಾಗವತನಾಗಲಿ ಪಾತ್ರಧಾರಿಯ ಉತ್ತರವನ್ನು ‘ಏನಂದ್ರಿ’ ಎಂದು ಮತ್ತೆ ಕೇಳಿ, ತಾನೂ ಒಮ್ಮೆ ಹೇಳಿ, ಪ್ರೇಕ್ಷಕರಿಗೆ ಮುಟ್ಟಿಸುವ ವಾಡಿಕೆಯಲ್ಲಿ ತಮಾಷೆಯಷ್ಟೇ ಉಪಯೋಗವೂ ಇತ್ತು, ಹಿಂದೆ ಕುಳಿತವರಿಗೆ ಮಾತು ಕೇಳಿಸಲು ಅದೊಂದೇ ದಾರಿ. ಮೈಕು ಬಂದ ಮೇಲೆ ಆ ಪುನರುಕ್ತಿಯ ಅಗತ್ಯ ತಪ್ಪಿತು. ಪಿಸುಮಾತಿನಿಂದಲೂ ನಗಿಸಬಹುದಾಯಿತು, ನಡುವೆ ಸುಮ್ಮನೆ ನಿಂತು ನಗಿಸುವುದೂ ಸಾಧ್ಯವಾಯಿತು.

ಕಂಪನಿ ನಾಟಕಗಳು ಹಾಸ್ಯಗಾರನಿಗೆ ಬೇರೊಂದು ಜಾಗ ಕೊಟ್ಟವು. ಬಯಲಾಟದಲ್ಲಿ ಅವನು ಕಥೆಯ ನಡುಮಧ್ಯದಲ್ಲಿ ನಿಂತು ನಾಯಕನನ್ನೇ ಪ್ರಶ್ನಿಸುತ್ತಿದ್ದರೆ, ಪರದೆಯ ನಾಟಕದಲ್ಲಿ ಅವನಿಗೆ ಪ್ರತ್ಯೇಕ ಪ್ರವೇಶಗಳು, ಪ್ರತ್ಯೇಕ ಜೋಡಿ, ಪ್ರತ್ಯೇಕ ಉಪಕಥೆ ಸಿಕ್ಕವು. ಕೆಲವೊಮ್ಮೆ ನಾಟಕ ಮುಗಿದ ಮೇಲೆ ಫಾರ್ಸು ಎನ್ನುವ ಸಣ್ಣ ಪ್ರಹಸನ. ರಂಗದ ಮುಂದಿನ ಪರದೆ ಇಳಿದು ಒಳಗೆ ಅರಮನೆಯ ಸಜ್ಜು ನಡೆಯುತ್ತಿರುವಾಗ ಮುಂದೆ ಹಾಸ್ಯದ ಜೋಡಿ ಕಾಲ ತುಂಬಬೇಕಿತ್ತು. ‘ಕಾಮಿಕ್ ಪಾರ್ಟು’ ಒಂದು ಹುದ್ದೆಯಾಯಿತು, ಅದಕ್ಕೆ ಪಗಾರ ನಿಗದಿಯಾಯಿತು, ಹೆಸರುವಾಸಿಯಾದವನನ್ನು ಇನ್ನೊಂದು ಕಂಪನಿ ಸೆಳೆದುಕೊಳ್ಳುವುದೂ ಆಯಿತು. ಅನ್ನಕ್ಕೆ ದಾರಿಯಾದದ್ದು ನಿಜ, ಆದರೆ ರಾಜನನ್ನು ಪ್ರಶ್ನಿಸುವ ಹಕ್ಕು ಹೋಯಿತು. ಪರದೆಯ ಆಚೆಗೆ ರಾಜ, ಈಚೆಗೆ ಹಾಸ್ಯಗಾರ. ಅವನು ಇನ್ನು ಕೆಣಕಬಹುದಾದದ್ದು ತನ್ನ ಜೋಡಿಯ ಹೆಣ್ಣುಪಾತ್ರವನ್ನು ಮಾತ್ರ. ಮುಂದಿನ ಕಾಲದ ಕಂಪನಿ ನಾಟಕಗಳ ಹಾಸ್ಯ ದ್ವಂದ್ವಾರ್ಥಕ್ಕೆ ಜಾರಿತೆಂದು ದೂರುವವರು ಈ ಸ್ಥಳಾಂತರವನ್ನು ಗಣನೆಗೆ ತಂದುಕೊಳ್ಳುವುದು ಕಡಿಮೆ. ಕುಟುಕಲು ಅರಸನೇ ಇಲ್ಲದ ವಿದೂಷಕ ಬೇರೆ ಏನನ್ನು ತಾನೆ ಕುಟುಕಿಯಾನು?

ಕಳೆದುಹೋದ ಆ ಹಕ್ಕನ್ನು ಮರಳಿ ರಂಗಕ್ಕೆ ತಂದವರಲ್ಲಿ ಕಂಬಾರರ ಪಾಲು ದೊಡ್ಡದು. 1937ರಲ್ಲಿ ಘೋಡಗೇರಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಶಾಲೆ ಕಲಿತು, ಊರ ಆಟಗಳನ್ನು ನೋಡುತ್ತಲೇ ಬೆಳೆದ ಅವರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಸಂಶೋಧನೆಯ ವಿಷಯವಾಗಿ ಆರಿಸಿಕೊಂಡದ್ದೇ ಆ ಕಾಲಕ್ಕೆ ಹೊಸತು. ಅದೇ ಗೋಕಾಕ ತಾಲ್ಲೂಕಿನ ಬೆಟಗೇರಿಯ ಆನಂದಕಂದ ಕೃಷ್ಣಶರ್ಮರು ಅವರಿಗಿಂತ ಒಂದು ತಲೆಮಾರು ಮೊದಲೇ ಜನಪದ ಹಾಡುಗಳ ಸಂಗ್ರಹಕ್ಕೆ ದಾರಿ ಮಾಡಿದ್ದರು; ಕಂಬಾರರು ಹಾಡಿನಿಂದ ಆಟಕ್ಕೆ, ಆಟದ ಪಠ್ಯದಿಂದ ಆಡುವ ಬಗೆಗೆ ಗಮನ ಹೊರಳಿಸಿದರು. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಪ್ರಯೋಗಗೊಂಡ ‘ಜೋಕುಮಾರಸ್ವಾಮಿ’ಯಲ್ಲಿ ಸೂತ್ರಧಾರ ಮತ್ತು ಮೇಳದವರು ಕಥೆಯ ಒಳಗೂ ಹೊರಗೂ ಓಡಾಡುತ್ತ, ಗೌಡನಂಥ ಗೌಡನನ್ನು ನಗೆಗೀಡು ಮಾಡುತ್ತ, ನೋಡುವವರನ್ನು ಮಾತಿಗೆಳೆಯುತ್ತಾರೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರನ ಆಚರಣೆ ಆ ನಾಟಕದ ವಸ್ತುವಾದರೆ, ಪಾರಿಜಾತದ ಭಾಗವತ ಅದರ ಬೆನ್ನೆಲುಬು. ನಗರದ ವಿಮರ್ಶಕರು ಅಂದು ಇದರಲ್ಲಿ ಜರ್ಮನಿಯ ನಾಟಕಕಾರ ಬ್ರೆಕ್ಟ್‌ನ ಛಾಯೆಯನ್ನು ಹುಡುಕಿದ್ದುಂಟು. ಹುಕ್ಕೇರಿಯ ಕಡೆಯವರಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಾರದು.

ಒಬ್ಬನೇ ನಿಂತು ಮಾತಾಡುವ ಪದ್ಧತಿಗೆ ಮಾತ್ರ ಬೇರೆ ಮೂಲವನ್ನು ಹುಡುಕಬೇಕು. ಅದು ಕೀರ್ತನದಲ್ಲಿದೆ. ನಾರದನ ಹೆಸರಿನಲ್ಲಿಯೇ ನಡೆಯುವ ನಾರದೀಯ ಕೀರ್ತನ ಪದ್ಧತಿಯಲ್ಲಿ ಮೊದಲು ತತ್ತ್ವವನ್ನು ನಿರೂಪಿಸುವ ಪೂರ್ವರಂಗ, ಆಮೇಲೆ ಕಥೆ ಹೇಳುವ ಉತ್ತರರಂಗ. ಎರಡರ ನಡುವೆಯೂ ಕೇಳುವವರು ತೂಕಡಿಸದಂತೆ ನಗೆಯ ಉಪಕಥೆಗಳು. ಕೀರ್ತನಕಾರನು ಒಬ್ಬನೇ ಕೃಷ್ಣನಾಗಿ, ಸತ್ಯಭಾಮೆಯಾಗಿ, ದೂತಿಯಾಗಿ ದನಿ ಬದಲಿಸುತ್ತಾನೆ. ಶ್ರಾವಣದ ಪುರಾಣ ಪ್ರವಚನಗಳು, ಮಠಗಳ ಶಿವಾನುಭವ ಗೋಷ್ಠಿಗಳು ಇದೇ ಕಲೆಯನ್ನು ಬೇರೆ ಸಂಪ್ರದಾಯದೊಳಗೆ ಬೆಳೆಸಿದವು. ಹಾಸ್ಯಭಾಷಣಕಾರರಿಗೆ ಇಂದು ಉತ್ತರ ಕರ್ನಾಟಕದಲ್ಲಿ ಅತಿ ಹೆಚ್ಚು ಕರೆ ಬರುವುದು ಜಾತ್ರೆ ಮತ್ತು ಮಠದ ಕಾರ್ಯಕ್ರಮಗಳಿಂದಲೇ ಎಂಬುದರ ಹಿಂದೆ ಈ ಹಳೆಯ ನಂಟಿದೆ.

ಬರೆದ ಹಾಸ್ಯದಿಂದಲೂ ಈ ವೃತ್ತಿಗೆ ನೀರು ಹರಿದು ಬಂದಿತು. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು, ಎಂದರೆ ರಾಯಸಂ ಭೀಮಸೇನರಾಯರು (1913–1980), ತಿಮ್ಮನೆಂಬ ಪಾತ್ರದ ಮೂಲಕ ಆಡುಮಾತಿನ ಪ್ರಶ್ನೋತ್ತರವನ್ನು ಪುಸ್ತಕಕ್ಕೆ ಇಳಿಸಿದರು. ಗಂಗಾವತಿಯ ಪ್ರಾಣೇಶರು ಆ ಬೀಚಿಯನ್ನೇ ಗುರುವೆಂದು ಹೇಳಿಕೊಳ್ಳುತ್ತ, ಪುಸ್ತಕದ ಹಾಸ್ಯವನ್ನು ಮತ್ತೆ ಬಾಯಿಗೆ ತಂದು, ಉತ್ತರ ಕರ್ನಾಟಕದ ಮಾತಿನ ಲಯವನ್ನೇ ಬಂಡವಾಳವಾಗಿಸಿ ನಾಡಿನಾದ್ಯಂತ ಹೆಸರು ಮಾಡಿದರು. ಮೈಸೂರು ಕಡೆಯಲ್ಲಿ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಂಥ ನಾಟಕಗಳ ನಡುವೆ ಕಥೆಯನ್ನು ಬದಿಗಿಟ್ಟು ಅಂದಿನ ಮಂತ್ರಿಗಳನ್ನು ಝಾಡಿಸುತ್ತಿದ್ದ ರೀತಿಯಲ್ಲಿ ಸಾರಥಿಯ ಹಕ್ಕು ಪರದೆಯ ನಾಟಕದೊಳಕ್ಕೂ ನುಸುಳಿದ್ದನ್ನು ಕಾಣಬಹುದು. ಕ್ಯಾಸೆಟ್ಟಿನ ಕಾಲದಲ್ಲಿ ರಾಜು ತಾಳಿಕೋಟಿಯವರ ‘ಕಲಿಯುಗದ ಕುಡುಕ’ ನಾಟಕವು ರಂಗವನ್ನು ಬಿಟ್ಟು ಚಹಾದಂಗಡಿ, ಟೆಂಪೊಗಳಲ್ಲಿ ದನಿಯಾಗಿಯೇ ತಿರುಗಾಡಿತು. ಮುಖವಿಲ್ಲದ ಹಾಸ್ಯಗಾರ ಎಂಬ ಸಾಧ್ಯತೆಯನ್ನು ಬಯಲಾಟ ಎಂದೂ ಕಲ್ಪಿಸಿರಲಿಲ್ಲ.

ಮೈಕಿನ ಮುಂದೆ ಒಬ್ಬನೇ ನಿಂತ ಹಾಸ್ಯಗಾರನಿಗೆ ಪ್ರಶ್ನೆ ಕೇಳಲು ಕೃಷ್ಣನಿಲ್ಲ, ಮಾರುತ್ತರ ಕೊಡಲು ಗೊಲ್ಲತಿಯಿಲ್ಲ. ಆ ಕೊರತೆಯನ್ನು ಅವನು ಎರಡು ಬಗೆಯಲ್ಲಿ ತುಂಬಿಕೊಳ್ಳುತ್ತಾನೆ. ಒಂದು, ಕೀರ್ತನಕಾರನಂತೆ ಎರಡೂ ದನಿಗಳನ್ನು ತಾನೇ ಆಡುವುದು: ಅತ್ತೆ-ಸೊಸೆ, ಮಾಸ್ತರ-ಹುಡುಗ, ಕಂಡಕ್ಟರ-ಮುದುಕಿ. ಇನ್ನೊಂದು, ಪ್ರೇಕ್ಷಕರನ್ನೇ ಗೊಲ್ಲತಿಯ ಜಾಗದಲ್ಲಿ ನಿಲ್ಲಿಸಿ ‘ಏನ್ರೀ ಯಜಮಾನ್ರ, ಎಲ್ಲಿಯವರು’ ಎಂದು ಶುರುಮಾಡುವುದು. ಎರಡನೆಯದು ಹಳೆಯ ಆಟಕ್ಕೆ ಹೆಚ್ಚು ಹತ್ತಿರವಾದರೂ ಒಂದು ವ್ಯತ್ಯಾಸ ಉಳಿದೇ ಇದೆ. ಭಾಗವತನ ಎದುರಾಳಿಯೂ ಅದೇ ಕಸುಬಿನಲ್ಲಿ ಪಳಗಿದವಳು, ಸೋಲಿಸುವ ಶಕ್ತಿಯುಳ್ಳವಳು. ಮುಂದಿನ ಕುರ್ಚಿಯ ಯಜಮಾನರಿಗೆ ಕೈಯಲ್ಲಿ ಮೈಕಿಲ್ಲ. ಇಂದಿನ ಹಾಸ್ಯ ಕಾರ್ಯಕ್ರಮಗಳಲ್ಲಿ ನಗೆ ಹೆಚ್ಚಾಗಿದ್ದರೂ ಹಾಸ್ಯಗಾರ ಸೋಲುವ ಸಂದರ್ಭಗಳು ಕಡಿಮೆಯಾಗಿವೆ, ಮತ್ತು ಪಾರಿಜಾತದ ಸೊಗಸಿನ ಅರ್ಧ ಪಾಲು ಭಾಗವತ ಸೋಲುವುದರಲ್ಲಿಯೇ ಇತ್ತು.

ಇತಿಹಾಸಕಾರನ ಪಾಲಿಗೆ ಈ ಕಸುಬು ಒಡ್ಡುವ ತೊಡಕು ಆಕರಗಳದು. ಪಾರಿಜಾತದ ಅಚ್ಚಾದ ಪ್ರತಿಗಳಲ್ಲಿ ಹಾಡುಗಳಿವೆ, ರಾಗತಾಳಗಳ ಸೂಚನೆಗಳಿವೆ, ಪಾತ್ರಗಳ ಕೆಲವು ಮಾತುಗಳೂ ಇವೆ. ಭಾಗವತ-ದೂತಿಯರ ಮಾತುಗಳು ಬಹುಮಟ್ಟಿಗೆ ಇಲ್ಲ, ಏಕೆಂದರೆ ಅವು ಬರೆದವುಗಳಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಆಟದ ಬಹುಪಾಲು ಹೊತ್ತನ್ನು ತುಂಬಿದ್ದ ಭಾಗವೇ ಹೀಗೆ ಕಾಗದದಿಂದ ಹೊರಗುಳಿದಿದೆ. ಉತ್ಸವಗಳ ವೇದಿಕೆಗಾಗಿ ಆಟವನ್ನು ಒಂದೆರಡು ತಾಸಿಗೆ ಕತ್ತರಿಸುವಾಗಲೂ ಮೊದಲು ಮೊಟಕಾಗುವುದು ಈ ಮಾತುಗಳೇ. ಟೇಪ್ ರೆಕಾರ್ಡರು ಹಳ್ಳಿಗಳಿಗೆ ಬಂದ ಮೇಲಿನ ಧ್ವನಿಮುದ್ರಣಗಳು ಮತ್ತು ಈಚೆಗೆ ಮೊಬೈಲಿನಲ್ಲಿ ಹಿಡಿದ ಚಿತ್ರಣಗಳು ಈ ಕೊರತೆಯನ್ನು ಅಲ್ಪಸ್ವಲ್ಪ ತುಂಬುತ್ತವೆ. ಅವುಗಳಲ್ಲಿ ಅನೇಕಕ್ಕೆ ದಿನಾಂಕವಾಗಲಿ ಊರಿನ ಹೆಸರಾಗಲಿ ಇರುವುದಿಲ್ಲ. ಆದರೆ ನಾರದನನ್ನು ವಿಚಾರಿಸುವಾಗ ದೂತಿ ಎತ್ತುವ ಬಸ್ಸಿನ ದರ, ಸೀಮೆಎಣ್ಣೆಯ ಪಾಳಿ, ಕಬ್ಬಿನ ಬಿಲ್ಲು, ಆಗತಾನೆ ಗೆದ್ದ ಶಾಸಕನ ಸುದ್ದಿಗಳನ್ನು ಹಿಡಿದು ಒಂದು ಮುದ್ರಣ ಯಾವ ವರ್ಷದ ಆಸುಪಾಸಿನದೆಂದು ಹೇಳಬಹುದು. ಪಂಡಿತರು ಔಚಿತ್ಯಭಂಗವೆಂದು ಬಿಟ್ಟುಕೊಟ್ಟ ಆ ಮಾತುಗಳೇ ಈಗ ಕಾಲನಿರ್ಣಯಕ್ಕೆ ಉಳಿದಿರುವ ಆಧಾರ.